ಏರಿ ಮೇಲೆ ಸೈಕಲ್ ಸವಾರಿ: ನೀರು ಸಮ ಮಾಡಿಕೊಟ್ಟ ದಾರಿ ನಮ್ಮಲ್ಲೇ ಇದೆ

ತೊರಪಲ್ಲಿ ಅಗ್ರಹಾರ: ನಮ್ಮ ಗಡಿ ಸೀಮೆಯಲ್ಲಿ ಒಂದು ತಮಾಷೆ ಇದೆ. ಕನ್ನಡದವರು 'ಏರಿ ಮೇಲೆ ಸೈಕಲ್‌ನಲ್ಲಿ ಬಂದೆ' ಅಂದರೆ ತಮಿಳು ಮಾತ್ರ ಬಲ್ಲವರು ಬೆಚ್ಚಿಬೀಳುತ್ತಾರೆ. ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ಅವರಿಗೆ ಏರಿ ಎಂದರೆ ಕೆರೆಯೇ! ನೀರಿನ ಮೇಲೆ ಸೈಕಲ್ ಹೊಡೆಯುವ ಮಹಾನುಭಾವ ಯಾರಪ್ಪಾ ಎಂದು ಅವರು ನೋಡಿದರೆ ತಪ್ಪೇನಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡುವ ನಮಗೆ ಇಂಥ ಗೊಂದಲ ಹೊಸದಲ್ಲ.

ಆದರೆ ತಮಾಷೆ ಆಚೆಗಿಟ್ಟು ನೋಡಿದರೆ ಈ ಮಾತಿನಲ್ಲಿ ಒಂದು ವಿಷಯವಿದೆ. ಕೆರೆ ಏರಿ, ಕಾಲುವೆ ದಂಡೆ, ಹೊಳೆ ಪಕ್ಕದ ದಾರಿ, ಈ ಮೂರೂ ಸೈಕಲ್‌ಗೆಂದೇ ಮಾಡಿಟ್ಟಂತಿವೆ. ಲಾರಿ ಇಲ್ಲ, ಹಾರ್ನ್ ಇಲ್ಲ, ದಮ್ಮು ಕಟ್ಟಿಸುವ ಏರುದಾರಿ ಇಲ್ಲ. ಹೊರದೇಶಗಳಲ್ಲಿ ಇಂಥ ದಾರಿ ಹುಡುಕಿಕೊಂಡು ಜನ ರೈಲು ಹತ್ತಿ ಹೋಗುತ್ತಾರೆ. ನಮಗೆ ಅದು ಹಿತ್ತಲ ಗಿಡ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಗೊತ್ತಲ್ಲ?

ಸೈಕಲ್‌ಗೆ ಇಂಥ ದಾರಿ ಯಾಕೆ ಒಳ್ಳೆಯದು, ಅದು ಯಾಕೆ ಕೈತಪ್ಪುತ್ತಿದೆ, ಉಳಿಸಿಕೊಳ್ಳಲು ನಾವು ಏನು ಮಾಡಬಹುದು ಎಂದು ತಿಳಿಸುವುದು ಈ ಲೇಖನದ ಉದ್ದೇಶ.

ನೀರು ಸಮ ಮಾಡಿದ ನೆಲ

ತೊರಪಲ್ಲಿ ಅಂದಕೂಡಲೇ ಎಲ್ಲರಿಗೂ ನೆನಪಾಗುವವರು ರಾಜಾಜಿ. ಸ್ವತಂತ್ರ ಭಾರತದ ಕೊನೆಯ ಗವರ್ನರ್ ಜನರಲ್ ಆಗಿದ್ದ ಚಕ್ರವರ್ತಿ ರಾಜಗೋಪಾಲಾಚಾರಿ 1878ರ ಡಿಸೆಂಬರ್ 10ರಂದು ಹುಟ್ಟಿದ್ದು ಇಲ್ಲಿ. ಅವರ ಮನೆ ಈಗ ಸ್ಮಾರಕ. ನೋಡಲು ಬರುವವರು ಹೊಸೂರು-ಕೃಷ್ಣಗಿರಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿದಾಗ ಮೊದಲು ಗಮನಕ್ಕೆ ಬರುವುದು ಮನೆಯಲ್ಲ, ಸದ್ದು ಅಡಗುವುದು. ಆಮೇಲೆ ಹೊಳೆಯ ಕಡೆಯ ತಂಪು ಗಾಳಿ.

ಈ ಹೊಳೆಯನ್ನು ನಾವು ದಕ್ಷಿಣ ಪಿನಾಕಿನಿ ಎನ್ನುತ್ತೇವೆ. ತಮಿಳಿನಲ್ಲಿ ತೆನ್‌ಪೆಣ್ಣೈ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆ ಕಡೆಯಿಂದ ಹರಿದು, ಗಡಿ ದಾಟಿ ಕೆಲವರಪಲ್ಲಿ ಅಣೆಕಟ್ಟೆ ಸೇರುತ್ತದೆ. ಅಲ್ಲಿಂದ ನಮ್ಮ ಊರುಗಳ ಪಕ್ಕದಲ್ಲಿ ಸಾಗಿ ಕೃಷ್ಣಗಿರಿ, ಸಾತನೂರು ಅಣೆಕಟ್ಟೆಗಳನ್ನು ದಾಟಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ.

ಹೊಸೂರು ಸೀಮೆ ಪೂರ್ತಿ ಬಯಲಲ್ಲ ಎಂದು ನೀವು ಹೇಳಬಹುದು. ನಿಜ. ಇದು ಮೈಸೂರು ಪ್ರಸ್ಥಭೂಮಿಯ ಅಂಚು. ಚಂದ್ರಚೂಡೇಶ್ವರನ ಬೆಟ್ಟ ಕಣ್ಣೆದುರಿಗೇ ಇದೆ. ದಿಣ್ಣೆ, ಇಳಿಜಾರು, ಮತ್ತೆ ದಿಣ್ಣೆ. ಆದರೆ ಇದೇ ಕಾರಣಕ್ಕೆ ಹಿಂದಿನವರು ಪ್ರತಿ ತಗ್ಗಿನಲ್ಲೂ ಒಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಹೀಗೆ ಸರಪಳಿಯಂತೆ ಕೆರೆಗಳು.

ಈಗ ಯೋಚಿಸಿ. ಕೆರೆ ಏರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಮಟ್ಟದಲ್ಲಿರಬೇಕು. ಎಲ್ಲಾದರೂ ತಗ್ಗಿದ್ದರೆ ಅಲ್ಲೇ ನೀರು ಹಾರಿ ಏರಿ ಒಡೆಯುತ್ತದೆ. ಕಾಲುವೆಯೂ ಹಾಗೆಯೇ. ನೀರು ನಿಧಾನವಾಗಿ ಹರಿಯಬೇಕಾದರೆ ಒಂದು ಕಿಲೋಮೀಟರಿಗೆ ಒಂದು ಅಡಿ, ಹೆಚ್ಚೆಂದರೆ ಎರಡು ಅಡಿ ಇಳಿಜಾರು ಸಾಕು. ಹೀಗಾಗಿ ದಿಣ್ಣೆ ಬಂದಲ್ಲಿ ಕಾಲುವೆ ಹತ್ತುವುದಿಲ್ಲ, ಸುತ್ತಿಕೊಂಡು ಹೋಗುತ್ತದೆ. ಪಕ್ಕದ ದಂಡೆಯೂ ಅದರ ಜೊತೆಗೇ ಹೋಗುತ್ತದೆ. ಕೆಲವರಪಲ್ಲಿಯಿಂದ ಎಡಕ್ಕೊಂದು, ಬಲಕ್ಕೊಂದು ಕಾಲುವೆ ಹೊರಟಿವೆ. 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟೆಯ ಕೆಳಗೂ ಗದ್ದೆ ಬಯಲು, ಕಾಲುವೆಗಳಿವೆ.

ಸಮತಟ್ಟು ಯಾಕೆ ಇಷ್ಟು ಮುಖ್ಯ? ಸಣ್ಣ ಲೆಕ್ಕ ನೋಡಿ. ಸವಾರ, ಸೈಕಲ್ ಸೇರಿ 80 ಕಿಲೋ ಎಂದುಕೊಳ್ಳಿ. ಸಮ ದಾರಿಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವಾಗ ನಾವು ಹೋರಾಡಬೇಕಾದ್ದು ಗಾಳಿಯ ಜೊತೆ, ಟೈರಿನ ಉಜ್ಜಾಟದ ಜೊತೆ ಮಾತ್ರ. ಅದೇ ದಾರಿ ಒಂದು ಕಿಲೋಮೀಟರಿಗೆ 30 ಮೀಟರ್ ಏರಿದರೆ 80 ಕಿಲೋ ಭಾರವನ್ನು ಅಷ್ಟೆತ್ತರಕ್ಕೆ ಎತ್ತಿದಂತೆ. ಒಟ್ಟು ಶ್ರಮ ಸುಮಾರು ಮೂರು ಪಟ್ಟಾಗುತ್ತದೆ. ಕ್ಯಾರಿಯರ್ ಮೇಲೆ ಹಾಲಿನ ಕ್ಯಾನು ಇದ್ದರಂತೂ ಕೇಳುವುದೇ ಬೇಡ. ಅರವತ್ತು ದಾಟಿದ ಅಜ್ಜನಿಗೂ, ಹನ್ನೊಂದರ ಹುಡುಗಿಗೂ ಸೈಕಲ್ ಒಗ್ಗುತ್ತದೋ ಇಲ್ಲವೋ ಎಂಬುದು ಹೆಚ್ಚಾಗಿ ಈ ದಿಣ್ಣೆಗಳ ಮೇಲೆ ನಿಂತಿದೆ.

ಸದ್ದಿಲ್ಲದ ರಸ್ತೆ ಎಂದರೆ ಯಾವುದು?

ಖಾಲಿ ರಸ್ತೆ ಎಲ್ಲವೂ ಸೈಕಲ್‌ಗೆ ಒಳ್ಳೆಯದಲ್ಲ. ಖಾಲಿ ಇದೆ ಎಂದು ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಒಂದೇ ಒಂದು ಕಾರು ಸಾಕು. ವೇಗ ಎರಡು ಪಟ್ಟಾದರೆ ಡಿಕ್ಕಿಯ ಹೊಡೆತ ನಾಲ್ಕು ಪಟ್ಟು. ಹಾಗಾಗಿ ನೋಡಬೇಕಾದ್ದು ಮೂರು. ವಾಹನಗಳು ಕಡಿಮೆ ಇರಬೇಕು, ಬರುವ ವಾಹನವೂ ನಿಧಾನವಾಗಿ ಬರಬೇಕು, ಅವು ಆ ಊರಿಗೆ ಸಂಬಂಧಪಟ್ಟವಾಗಿರಬೇಕು. ಅಂದರೆ ಬೇರೆಲ್ಲಿಗೋ ಹೋಗುವವರು ಇದನ್ನು ಅಡ್ಡದಾರಿ ಮಾಡಿಕೊಂಡಿರಬಾರದು.

ಮೂರನೆಯದೇ ನಿಜವಾದ ಪರೀಕ್ಷೆ. ನಿಮ್ಮೂರ ರಸ್ತೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ನಿಂತು ನೋಡಿ. ಹಾಲಿನ ಗಾಡಿ, ಟೊಮೆಟೊ ತುಂಬಿದ ಟೆಂಪೊ, ಟ್ರ್ಯಾಕ್ಟರ್, ಪರಿಚಯದ ಬೈಕು ಇಷ್ಟೇ ಬಂದರೆ ಅದು ಸೈಕಲ್ ರಸ್ತೆ. ಗಾಡಿಯವನಿಗೆ ನೀವು ಗೊತ್ತು, ನಿಮಗೆ ಅವನು ಗೊತ್ತು. 'ಏನಣ್ಣಾ' ಎಂದು ಕೈಯೆತ್ತಿ ಪಕ್ಕಕ್ಕೆ ಸರಿಯುತ್ತಾನೆ. ಗುರುತು ಪರಿಚಯವಿಲ್ಲದ ಟಿಪ್ಪರ್‌ಗಳು, ಕಂಪನಿ ಬಸ್‌ಗಳು ಸಾಲಾಗಿ ಬಂದರೆ ಆ ರಸ್ತೆ ನಿಮ್ಮ ಕೈಬಿಟ್ಟಿದೆ ಎಂದು ತಿಳಿಯಿರಿ.

ಸೈಕಲ್ ಕೊಟ್ಟರು, ದಾರಿ ಕೊಡಲಿಲ್ಲ

ಇದು ಬರೀ ಹವ್ಯಾಸದ ಮಾತು, ಬೆಂಗಳೂರಿನಿಂದ ಭಾನುವಾರ ಹೆಲ್ಮೆಟ್ ಹಾಕಿಕೊಂಡು ಬರುವವರ ಸಂಗತಿ ಎಂದು ಅಂದುಕೊಳ್ಳಬೇಡಿ. ಅವರು ಬರಲಿ, ಟೀ ಕುಡಿದು ಹೋಗಲಿ, ಸಂತೋಷ. ಆದರೆ ನಷ್ಟವಾಗುತ್ತಿರುವುದು ನಮ್ಮ ಮಕ್ಕಳಿಗೆ.

ತಮಿಳುನಾಡಿನಲ್ಲಿ ಉಚಿತ ಸೈಕಲ್ ಯೋಜನೆ ಶುರುವಾದದ್ದು 2001-02ರಲ್ಲಿ, ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಕ್ಕಳಿಗಾಗಿ. 2005-06ರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಲ್ಲ ಮಕ್ಕಳಿಗೂ ವಿಸ್ತರಿಸಿದರು. ಹನ್ನೊಂದನೇ ತರಗತಿಗೆ ಬಂದರೆ ಸೈಕಲ್ ಬಂತೆಂದೇ ಲೆಕ್ಕ. ಗಡಿಯಾಚೆ ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಡತೊಡಗಿದರು. ಅಲ್ಲಿ 2020ರ ಕೊರೊನಾ ಕಾಲದಲ್ಲಿ ಅದು ನಿಂತಿತು. ಒಂದೇ ಮನೆತನದ ಅಕ್ಕತಂಗಿಯರ ಮಕ್ಕಳು ಗಡಿಯ ಎರಡೂ ಕಡೆ ಇದ್ದರೆ 'ನಿಂದು ಯಾವ ಬಣ್ಣ, ನಂದು ಯಾವ ಬಣ್ಣ' ಎಂದು ಜಗಳವಾಡಿದ್ದೂ ಉಂಟು.

ಆದರೆ ಎಷ್ಟು ಮನೆಗಳಲ್ಲಿ ಆ ಸೈಕಲ್ ದನದ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿದೆ, ನೋಡಿದ್ದೀರಾ? ನಾನು ನೋಡಿದ ಒಂದು ಮನೆಯಲ್ಲಿ ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಹುಡುಗಿಗೆ ಓಡಿಸಲು ಬರುತ್ತದೆ, ಆಸೆಯೂ ಇದೆ. 'ಹೆದ್ದಾರಿ ದಾಟಬೇಕಲ್ಲ ಸಾಮಿ, ಜೀವ ಕೈಯಲ್ಲಿ ಹಿಡಿದು ಕೂರೋಕಾಗಲ್ಲ' ಎಂದರು ಅವರ ಅಪ್ಪ. ಬಸ್ ತಪ್ಪಿದ ದಿನ ಹುಡುಗಿ ಶಾಲೆ ತಪ್ಪಿಸುತ್ತಾಳೆ. ಆ ತಂದೆಯದು ತಪ್ಪೆಂದು ಹೇಳುವ ಧೈರ್ಯ ಯಾರಿಗಿದೆ?

ತೊರಪಲ್ಲಿಯಿಂದ ಹೊಸೂರಿಗೆ ಸುಮಾರು ಹತ್ತು ಕಿಲೋಮೀಟರ್. ಆರಾಮಾಗಿ ಗಂಟೆಗೆ 12 ಕಿ.ಮೀ.ಯಂತೆ ತುಳಿದರೂ 50 ನಿಮಿಷ. ದೂರ ದೊಡ್ಡದಲ್ಲ, ನಡುವಿನ ಹೆದ್ದಾರಿ ದೊಡ್ಡದು.

ಹೆಣ್ಣುಮಕ್ಕಳಿಗೆ ಸೈಕಲ್ ಏನು ಕೊಡಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ ಪುದುಕ್ಕೋಟೈ ಜಿಲ್ಲೆಯೇ ಸಾಕ್ಷಿ. 1991ರಲ್ಲಿ ಅಲ್ಲಿ 'ಅರಿವೊಳಿ ಇಯಕ್ಕಂ' ಎಂಬ ಸಾಕ್ಷರತಾ ಆಂದೋಲನ ನಡೆದಾಗ ಅಕ್ಷರದ ಜೊತೆಗೆ ಸೈಕಲ್ ಕಲಿಸಿದರು. ಆಗ ಕಲೆಕ್ಟರ್ ಆಗಿದ್ದವರು ಶೀಲಾರಾಣಿ ಚುಂಕತ್. ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರು ಸೈಕಲ್ ಕಲಿತರೆಂದು ಪತ್ರಕರ್ತ ಪಿ. ಸಾಯಿನಾಥ್ ದಾಖಲಿಸಿದ್ದಾರೆ. ಬಸ್ಸಿಗೆ, ಗಂಡನಿಗೆ, ಅಣ್ಣನಿಗೆ ಕಾಯದೆ ಸಂತೆಗೂ ಆಸ್ಪತ್ರೆಗೂ ತಾವೇ ಹೋಗತೊಡಗಿದರು. ಆಗ ರಸ್ತೆಗಳಲ್ಲಿ ಇಷ್ಟು ಲಾರಿ ಇರಲಿಲ್ಲ. ಈಗ ಸೈಕಲ್ ಕಲಿಸುವುದರ ಜೊತೆಗೆ ದಾರಿಯನ್ನೂ ಹುಡುಕಿಕೊಡಬೇಕು.

ಬೇರೆ ದೇಶದವರು ಏನು ಮಾಡಿದರು?

ಯೂರೋಪಿನಲ್ಲಿ ಡಾನ್ಯೂಬ್ ಎಂಬ ದೊಡ್ಡ ನದಿ ಇದೆ. ಎಂಜಿನ್ ಬರುವ ಮುಂಚೆ ದೋಣಿಗಳನ್ನು ಹರಿವಿಗೆ ಎದುರಾಗಿ ಕುದುರೆಗಳಿಂದ ಎಳೆಸುತ್ತಿದ್ದರು. ಕುದುರೆ ನಡೆಯಲು ದಂಡೆಯಲ್ಲಿ ದಾರಿ ಇತ್ತು. ಕುದುರೆ ಹೋಯಿತು, ದಾರಿ ಉಳಿಯಿತು. ಈಗ ಜರ್ಮನಿಯ ಪಾಸೌನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಅದೇ ದಂಡೆಯುದ್ದಕ್ಕೂ ಸೈಕಲ್ ದಾರಿ. ವಾರಗಟ್ಟಲೆ ರಜೆ ಹಾಕಿ ಜನ ಅಲ್ಲಿ ಸೈಕಲ್ ತುಳಿಯುತ್ತಾರೆ. ದಂಡೆಯ ಊರುಗಳಲ್ಲಿ ಊಟದ ಮನೆ, ತಂಗುವ ಮನೆಗಳಿಗೆ ವ್ಯಾಪಾರವೋ ವ್ಯಾಪಾರ.

ನೆದರ್ಲೆಂಡ್ಸ್ ಎಂದರೆ ಸೈಕಲ್ ಎನ್ನುತ್ತಾರೆ. ಅಲ್ಲಿಯೂ ಮೊದಲಿನಿಂದ ಎಲ್ಲ ಸರಿಯಿರಲಿಲ್ಲ. ಕಾರುಗಳು ಹೆಚ್ಚಾಗಿ 1971ನೇ ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ ಸುಮಾರು 3,300 ಜನ ಸತ್ತರು. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ತಾಯಿ ತಂದೆಯರು 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬೀದಿಗಿಳಿದರು. ಸೈಕಲ್‌ಗೆ ಬೇರೆ ದಾರಿ ಬಂದದ್ದು ಆ ಸಿಟ್ಟಿನಿಂದ. ಹಳ್ಳಿಗಾಡಿನ ಸಣ್ಣ ರಸ್ತೆಗಳಲ್ಲಿ ಅವರು ಮಾಡಿದ ಉಪಾಯ ಬಹಳ ಸರಳ. ರಸ್ತೆಯ ನಡುವೆ ಒಂದು ಕಂಬ ನೆಟ್ಟರು. ಸೈಕಲ್ ನುಸುಳುತ್ತದೆ, ಕಾರು ನುಸುಳುವುದಿಲ್ಲ. ಅಷ್ಟೇ!

ಇನ್ನೊಂದು ಉಪಾಯ ನಮಗೆ ಹೇಳಿ ಮಾಡಿಸಿದಂತಿದೆ. ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದಲ್ಲಿ ಹ್ಯೂಗೋ ಬೋಲೆನ್ ಎಂಬ ಗಣಿ ಎಂಜಿನಿಯರ್ ಸೂಚನೆಯಂತೆ 1995ರಲ್ಲಿ ಪ್ರತಿ ಕೂಡುದಾರಿಗೆ ಒಂದು ನಂಬರ್ ಹಾಕಿದರು. 12ರಿಂದ 15ಕ್ಕೆ, 15ರಿಂದ 21ಕ್ಕೆ ಎಂದು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ಮುಗಿಯಿತು. ಊರಿನ ಹೆಸರೂ ಬೇಡ, ಭಾಷೆಯೂ ಬೇಡ. ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ವಾದ ಮಾಡುವ ನಮ್ಮ ಗಡಿಯಲ್ಲಿ ನಂಬರ್‌ಗೆ ಯಾರ ತಕರಾರೂ ಇರಲಾರದು.

ರಸ್ತೆ ಕೆಟ್ಟರೆ ಕಷ್ಟ, ಚೆನ್ನಾದರೆ ಇನ್ನೂ ಕಷ್ಟ

ಇಲ್ಲೊಂದು ಸಿಕ್ಕು ಇದೆ. ಮಣ್ಣು ದಾರಿ ಗುಂಡಿ ಬಿದ್ದರೆ ನಾವು ಡಾಂಬರು ಹಾಕಿ ಎಂದು ಅರ್ಜಿ ಕೊಡುತ್ತೇವೆ. ಕೊಡಲೇಬೇಕು. ಡಾಂಬರು ಬರುತ್ತದೆ. ಮೊದಲ ತಿಂಗಳು ಸೈಕಲ್ ಗಾಳಿಯಂತೆ ಹೋಗುತ್ತದೆ. ಎರಡನೇ ತಿಂಗಳು ಹೆದ್ದಾರಿಯ ಜಾಮ್ ತಪ್ಪಿಸಿಕೊಳ್ಳುವವರಿಗೆ ಈ ದಾರಿ ಗೊತ್ತಾಗುತ್ತದೆ. ಫೋನಿನ ಮ್ಯಾಪ್ ಬೇರೆ ತೋರಿಸಿಕೊಡುತ್ತದೆ. ಆರನೇ ತಿಂಗಳಿಗೆ ಟಿಪ್ಪರ್ ಓಡಾಡಿ ಅಂಚು ಒಡೆದು ಮತ್ತೆ ಗುಂಡಿ. ಈ ಸಾರಿ ಗುಂಡಿಯೂ ಇದೆ, ಲಾರಿಯೂ ಇದೆ! ಸೈಕಲ್ ಕೊಟ್ಟಿಗೆ ಸೇರುತ್ತದೆ.

ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. ಕಾರ್ಖಾನೆ, ಬಡಾವಣೆ, ಗೋದಾಮು ಎಲ್ಲ ದಿಕ್ಕಿಗೂ ಹಬ್ಬುತ್ತಿವೆ. ಕೆಲಸ ಸಿಗುತ್ತದೆ, ನಮಗೂ ಬೇಕು. ಆದರೆ ಇಂದಿನ ಕೆರೆ ದಾರಿ ನಾಳೆಯೂ ಹೀಗೇ ಇರುತ್ತದೆ ಎಂದು ಸುಮ್ಮನೆ ಕೂತರೆ ಇರುವುದಿಲ್ಲ. ಈಗ ಅದು ಸದ್ದಿಲ್ಲದೆ ಇರುವುದು ಯಾರೋ ಕಾಪಾಡಿದ್ದರಿಂದ ಅಲ್ಲ, ಯಾರ ಕಣ್ಣಿಗೂ ಬೀಳದೆ ಇದ್ದುದರಿಂದ.

ಹಾಗಾದರೆ ಡಾಂಬರೇ ಬೇಡವೇ? ಬೇಕು. ಅದರ ಜೊತೆಗೆ ಕಂಬವೂ ಬೇಕು. ಏರಿಯ ಎರಡು ತುದಿಯಲ್ಲಿ ಕಲ್ಲುಕಂಬ ನೆಟ್ಟರೆ ಲಾರಿ ಬರುವುದಿಲ್ಲ. ರೈತರ ಟ್ರ್ಯಾಕ್ಟರ್, ಆಂಬುಲೆನ್ಸ್ ಹೋಗಬೇಕಾದ ಕಡೆ ಬೀಗ ಹಾಕಿ ತೆಗೆಯುವಂಥ ಕಂಬ ಅಥವಾ ದೊಡ್ಡ ಲಾರಿಯನ್ನು ಮಾತ್ರ ತಡೆಯುವ ಕಬ್ಬಿಣದ ಕಮಾನು ಸಾಕು. ಇದರಿಂದ ಏರಿಗೂ ಲಾಭ. ತುಂಬಿದ ಟಿಪ್ಪರ್ ಓಡಾಡಿದರೆ ಮಣ್ಣಿನ ಕಟ್ಟೆ ಕುಸಿಯುತ್ತದೆ. ಸೈಕಲ್ ಓಡಾಡಿದರೆ ಏನೂ ಆಗುವುದಿಲ್ಲ.

ಯಾರನ್ನು ಕೇಳಬೇಕು?

ಕೆರೆ ಯಾರದು ಎಂದು ಮೊದಲು ತಿಳಿಯಬೇಕು. ತಮಿಳುನಾಡಿನಲ್ಲಿ 100 ಎಕರೆಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆ ಜಲಸಂಪನ್ಮೂಲ ಇಲಾಖೆಯದು. ಅದಕ್ಕಿಂತ ಸಣ್ಣದು ಪಂಚಾಯತ್ ಯೂನಿಯನ್‌ನದು. ಕರ್ನಾಟಕದ ಕಡೆಯೂ ಹೆಚ್ಚುಕಡಿಮೆ ಇದೇ ಗೆರೆ. 40 ಹೆಕ್ಟೇರ್ ಅಂದರೆ ಅದೇ ನೂರು ಎಕರೆ. ಅದಕ್ಕೆ ಮೇಲ್ಪಟ್ಟರೆ ಸಣ್ಣ ನೀರಾವರಿ ಇಲಾಖೆ, ಕೆಳಗಿದ್ದರೆ ಪಂಚಾಯತ್ ರಾಜ್ ಸಂಸ್ಥೆಗಳು. ಅಣೆಕಟ್ಟೆ ಕಾಲುವೆಯ ದಂಡೆ ಇಲಾಖೆಯದು. ಅಲ್ಲಿ ಕಂಬವಿರಲಿ, ಒಂದು ಕಲ್ಲು ಕದಲಿಸಲೂ ಅನುಮತಿ ಬೇಕು.

ಎರಡನೆಯದು ಗ್ರಾಮಸಭೆ. ನಮ್ಮಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರಂದು ನಡೆಯುತ್ತಿತ್ತು. 2022ರಲ್ಲಿ ಮಾರ್ಚ್ 22ರ ಜಲದಿನ ಮತ್ತು ನವೆಂಬರ್ 1ನ್ನೂ ಸೇರಿಸಿದರು. ಜಲದಿನದಂದು ಕೆರೆ ಏರಿಯ ಮಾತು ತೆಗೆದರೆ ಬೇಡ ಎನ್ನುವವರು ಯಾರು? 'ಈ ಏರಿ ದಾರಿಯಲ್ಲಿ ಭಾರಿ ವಾಹನ ಬೇಡ' ಎಂದು ಒಂದು ನಿರ್ಣಯ ಬರೆಸಿ. ಎಷ್ಟು ಮಕ್ಕಳು ಶಾಲೆಗೆ ಈ ದಾರಿ ಬಳಸುತ್ತಾರೆ ಎಂದು ಎಣಿಸಿ ಸೇರಿಸಿ. ಒಂದು ರಸ್ತೆಯಲ್ಲಿ ಇಂಥ ವಾಹನ ಬರಬಾರದು ಎಂದು ಕಟ್ಟುಪಾಡು ಹಾಕುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 115ನೇ ವಿಧಿಯಲ್ಲಿದೆ. ಅರ್ಜಿಯಲ್ಲಿ ಆ ವಿಧಿಯ ನಂಬರ್ ಕಾಣಿಸಿದರೆ ಅಧಿಕಾರಿಯೂ ಒಮ್ಮೆ ಕನ್ನಡಕ ಸರಿಮಾಡಿಕೊಂಡು ಓದುತ್ತಾರೆ.

ಹೊರಡುವ ಮುನ್ನ ಇಷ್ಟು ನೆನಪಿರಲಿ

ಆನೆ: ರಾಗಿ ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ಡೆಂಕಣಿಕೋಟೆ ಕಾಡುಗಳ ಮೂಲಕ ಆನೆ ಹಿಂಡು ಸಾನಮಾವು ಕಾಡಿಗೆ ಬರುವುದು ನಿಮಗೆ ಹೇಳಬೇಕಾಗಿಲ್ಲ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬೆಳಕು ಹರಿಯುವ ಮುಂಚೆ, ಕತ್ತಲಾದ ಮೇಲೆ ಹೊರಡಬೇಡಿ. ಸೈಕಲ್‌ಗೆ ಸದ್ದಿಲ್ಲ, ಮಂಜಿನಲ್ಲಿ ಆನೆಗೆ ನೀವೂ ಕಾಣುವುದಿಲ್ಲ, ನಿಮಗೆ ಆನೆಯೂ ಕಾಣುವುದಿಲ್ಲ. ಅರಣ್ಯ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಸೈಕಲ್ ಮನೆಯಲ್ಲೇ ಇರಲಿ.

ನೊರೆ: ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ನೀರು ಸೇರುವುದು ಇದೇ ಹೊಳೆಗೆ. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಸೋಪು, ಕೊಳಚೆಯ ನೊರೆ ಆಳೆತ್ತರ ಏಳುತ್ತದೆ. ಇತ್ತೀಚಿನ ವರ್ಷಗಳಲ್ಲಿ ನಂದಿಮಂಗಲದ ತಗ್ಗು ಸೇತುವೆಯ ಮೇಲೆಲ್ಲ ನೊರೆ ಹರಡಿ ರಸ್ತೆ ಮುಚ್ಚಿದ್ದುಂಟು. ಹತ್ತಿಯಂತೆ ಕಂಡಿತೆಂದು ಅದರೊಳಗೆ ಸೈಕಲ್ ನುಗ್ಗಿಸಬೇಡಿ. ಕೆಳಗೆ ನೀರು ಎಷ್ಟಿದೆ, ರಸ್ತೆ ಎಲ್ಲಿ ಮುಗಿಯಿತು ಒಂದೂ ತಿಳಿಯುವುದಿಲ್ಲ.

ಮುಳ್ಳು: ಏರಿಯ ಮೇಲೆ ಬಳ್ಳಾರಿ ಜಾಲಿ, ದಾರಿಯಲ್ಲಿ ನೆಗ್ಗಿಲು. ತಮಿಳಿನಲ್ಲಿ ಸೀಮೈ ಕರುವೇಲಂ, ನೆರುಂಜಿ. ಹೆಸರು ಯಾವುದಾದರೂ ಪಂಕ್ಚರ್ ಒಂದೇ. ಪ್ಯಾಚು, ಸಲ್ಯೂಷನ್, ಪುಟ್ಟ ಪಂಪು ಜೊತೆಯಲ್ಲಿರಲಿ. ಜಾಲಿ ಕಡಿಸುವುದನ್ನೂ ಅದೇ ಗ್ರಾಮಸಭೆಯಲ್ಲಿ ಕೇಳಿ.

ಗಾಳಿ: ಬಯಲಿನಲ್ಲಿ ಗಾಳಿಯೇ ಗುಡ್ಡ. ಆಷಾಢದಲ್ಲಿ ಪಡುವಣ ಗಾಳಿ ಜೋರು. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ ಇರುವಂತೆ ದಾರಿ ಹಾಕಿಕೊಳ್ಳಿ. ದಣಿದ ಮೇಲೆ ಗಾಳಿಯೇ ಮನೆಗೆ ತಳ್ಳುತ್ತದೆ.

ಒಕ್ಕಣೆ: ಸುಗ್ಗಿಯಲ್ಲಿ ರಾಗಿ, ಹುರುಳಿ ರಸ್ತೆ ಮೇಲೆಯೇ ಇರುತ್ತದೆ. ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಚೈನಿಗೂ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಆ ರಸ್ತೆ ಅವರ ಕಣವೂ ಹೌದು.

ಹೊಸ ಏರಿ ದಾರಿಯಾದರೆ ಮೊದಲ ಸಾರಿ ಹಗಲಲ್ಲಿ ಪೂರ್ತಿ ನೋಡಿಕೊಂಡು ಬನ್ನಿ. ತೂಬಿನ ಬಳಿ ಹಳ್ಳ, ಕೋಡಿಯ ಬಳಿ ಪಾಚಿ ಇರುತ್ತದೆ. ಚಿಕ್ಕಮಕ್ಕಳನ್ನು ಏರಿಯ ಮೇಲೆ ಒಂಟಿಯಾಗಿ ಬಿಡಬೇಡಿ.

ಕೊನೆಗೊಂದು ಮಾತು

ರಾಜಾಜಿಗೆ ಐದು ವರ್ಷವಿದ್ದಾಗ ಅವರ ಕುಟುಂಬ ತೊರಪಲ್ಲಿ ಬಿಟ್ಟು ಹೊಸೂರಿಗೆ ಹೋಯಿತು. ಅಲ್ಲಿ ಓದಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮದ್ರಾಸು ಎಂದು ಬೆಳೆದರು. ಆ ಕಾಲದಲ್ಲಿ ಓದಬೇಕೆಂದರೆ ಊರು ಬಿಡಬೇಕಾಗಿತ್ತು. ಈಗ ಊರಿನಲ್ಲೇ ಇದ್ದು ದಿನಾ ಹೋಗಿಬರಬಹುದು. ಸೈಕಲ್ ಇದೆ, ಕಾಲಲ್ಲಿ ಕಸುವಿದೆ, ನೀರು ಸಮ ಮಾಡಿಕೊಟ್ಟ ದಾರಿಯ ತುಂಡುಗಳೂ ಇವೆ. ಆ ತುಂಡುಗಳನ್ನು ಒಂದಕ್ಕೊಂದು ಸೇರಿಸಿ, ಹೆದ್ದಾರಿ ದಾಟುವಲ್ಲಿ ಒಂದು ಸುರಕ್ಷಿತ ಜಾಗ ಮಾಡಿಕೊಟ್ಟರೆ ಕೆಲಸ ಮುಕ್ಕಾಲು ಆದಂತೆ.

ಮುಂದಿನ ಭಾನುವಾರ ಒಂದು ಕೆಲಸ ಮಾಡಿ. ಕೊಟ್ಟಿಗೆಯ ಸೈಕಲ್ ಹೊರತೆಗೆಯಿರಿ. ಗಾಳಿ ಹಿಡಿಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಡಿ. ಮಗಳನ್ನೋ ಮೊಮ್ಮಗನನ್ನೋ ಕರೆದುಕೊಂಡು ನಿಮ್ಮೂರ ಏರಿ ಮೇಲೆ ಆ ತುದಿಯಿಂದ ಈ ತುದಿಗೆ ಒಂದು ಸುತ್ತು ಬನ್ನಿ. ನೀವು ಚಿಕ್ಕವರಿದ್ದಾಗ ಬಾಡಿಗೆ ಸೈಕಲ್‌ನಲ್ಲಿ ಒಳಪೆಡಲ್, ತಮಿಳಿನವರ ಕುರಂಗು ಪೆಡಲ್, ಹೊಡೆದ ಕಥೆಯನ್ನೂ ಹೇಳಿ. ಆಮೇಲೆ ಗ್ರಾಮಸಭೆಯಲ್ಲಿ ಮಾತಾಡಲು ನಿಮಗೆ ಯಾರೂ ಭಾಷಣ ಬರೆದುಕೊಡಬೇಕಾಗಿಲ್ಲ.

ಎದುರಿಗೆ ಸಿಕ್ಕವರು ಎಲ್ಲಿಂದ ಬರುತ್ತಿದ್ದೀರಿ ಎಂದು ಕೇಳಿದರೆ 'ಏರಿ ಮೇಲಿಂದ' ಎನ್ನಿ. ತಮಿಳಿನವರಾದರೆ ಸ್ವಲ್ಪ ಬೆಚ್ಚಲಿ, ಪರವಾಗಿಲ್ಲ.